ಚೋಕ್ ಒಳಗೆ ತಳ್ಳಿದರೆ ದೋಣಿ ಇಂಜಿನ್ ನಿಲ್ಲುತ್ತದೆ, ಕಾರ್ಬುರೇಟರ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಅಣ್ಣಾ. ನಾನು ಹಾವೇರಿ ಕಡೆಯವನು, ಕೆಲಸ ವಾಸ್ಕೋದಲ್ಲಿ. ಎರಡು ವರ್ಷದ ಹಿಂದೆ ಗೆಳೆಯರೆಲ್ಲ ಸೇರಿ ಒಂದು ಸಣ್ಣ ಫೈಬರ್ ದೋಣಿ ತಗೊಂಡೆವು. ಅದಕ್ಕೆ 8 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್) ಇದೆ, ಸೆಕೆಂಡ್ ಹ್ಯಾಂಡ್. ಭಾನುವಾರ ಜುವಾರಿ ನದಿಯಲ್ಲಿ ಗಾಳ ಹಾಕಲು ಹೋಗುತ್ತೇವೆ. ಮೇ ಕೊನೆಗೆ ಇಂಜಿನ್ ಬಿಚ್ಚಿ ಮನೆಯಲ್ಲಿಟ್ಟಿದ್ದೆವು. ಈಗ ಆಗಸ್ಟ್‌ನಲ್ಲಿ ಹಾಕಿದರೆ ಚೋಕ್ ಎಳೆದಾಗ ಮಾತ್ರ ಸ್ಟಾರ್ಟ್ ಆಗುತ್ತದೆ. ಚೋಕ್ ಒಳಗೆ ತಳ್ಳಿದ ಕೂಡಲೇ ಸಾಯುತ್ತದೆ. ರೇಸ್ ಅರ್ಧಕ್ಕೆ ಹಿಡಿದರೆ ಓಡುತ್ತದೆ, ಕಡಿಮೆ ಮಾಡಿದರೆ ಮತ್ತೆ ಬಂದ್. ಪರಿಚಯದ ಬೈಕ್ ಮೆಕ್ಯಾನಿಕ್ ಒಬ್ಬರು ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿಸಿ ಅಂದರು. ಮನೆಯಲ್ಲೇ ಬಿಚ್ಚಿ ತೊಳೆಯಬಹುದಾ? ಹೇಗೆ?

ಉತ್ತರ: ಹೊಸದು ತಗೊಳ್ಳಬೇಡಿ. ನೀವು ಬರೆದ ಮೂರು ಮಾತಿನಲ್ಲೇ ಅರ್ಧ ಉತ್ತರ ಇದೆ. ಚೋಕ್ ಎಳೆದರೆ ಓಡುತ್ತದೆ, ತಳ್ಳಿದರೆ ನಿಲ್ಲುತ್ತದೆ, ಅರ್ಧ ರೇಸ್‌ನಲ್ಲಿ ಸರಿ ಇದೆ. ಇದನ್ನು ಕೇಳಿದರೆ ದೋಣಿ ಇಂಜಿನ್ ಕೆಲಸ ಗೊತ್ತಿದ್ದ ಯಾರಾದರೂ ಮೊದಲು ಸ್ಲೋ ಜೆಟ್ ಕಟ್ಟಿದೆ ಅಂತಲೇ ಹೇಳುತ್ತಾರೆ. ಜೆಟ್ ಅಂದರೆ ಪೆಟ್ರೋಲ್ ಅಳತೆಯಷ್ಟೇ ಬಿಡುವ, ಸಣ್ಣ ತೂತಿರುವ ಹಿತ್ತಾಳೆಯ ತುಂಡು.

ಯಾಕೆ ಅಂತ ಹೇಳುತ್ತೇನೆ. ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹೋಗುವ ದಾರಿ ಒಂದಲ್ಲ, ಎರಡು. ಇಂಜಿನ್ ನಿಧಾನ ಓಡುವಾಗ ಒಳಗಿನ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಪೆಟ್ರೋಲ್ ಬರುವುದು ಸ್ಲೋ ಜೆಟ್‌ನಿಂದ, ತಟ್ಟೆಯ ಅಂಚಿನ ಹತ್ತಿರ ಇರುವ ಒಂದೆರಡು ಸಣ್ಣ ತೂತುಗಳ ಮೂಲಕ. ರೇಸ್ ಏರಿಸಿದಾಗ ತಟ್ಟೆ ತೆರೆದುಕೊಳ್ಳುತ್ತದೆ, ಮೇನ್ ಜೆಟ್ ಕೆಲಸಕ್ಕೆ ಬರುತ್ತದೆ. ನಿಮ್ಮದು ಅರ್ಧ ರೇಸ್‌ನಲ್ಲಿ ಓಡುತ್ತಿದೆ ಅಂದರೆ ಮೇನ್ ಜೆಟ್ ದಾರಿ ತೆರೆದಿದೆ. ಕಡಿಮೆ ಮಾಡಿದರೆ ಸಾಯುತ್ತಿದೆ ಅಂದರೆ ಸ್ಲೋ ದಾರಿ ಕಟ್ಟಿದೆ. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಒಳಗಿನ ಎಳೆತ ಜಾಸ್ತಿಯಾಗುತ್ತದೆ. ಆ ಎಳೆತಕ್ಕೆ ಎಲ್ಲ ದಾರಿಯಿಂದಲೂ ಇದ್ದಷ್ಟು ಪೆಟ್ರೋಲ್ ಎದ್ದು ಬರುತ್ತದೆ, ಕೊರತೆ ಮುಚ್ಚಿಹೋಗುತ್ತದೆ. ಅಷ್ಟೇ.

ಚೋಕ್ ಅರ್ಧ ಎಳೆದುಕೊಂಡೇ ಓಡಿಸೋಣ ಅಂತ ಮಾತ್ರ ಅಂದುಕೊಳ್ಳಬೇಡಿ. ಅರ್ಧ ಚೋಕ್‌ಗೆ ಕೊರತೆ ಪೂರ್ತಿ ತುಂಬದೆಯೂ ಇರಬಹುದು. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಡಿಮೆ ಅಂದರೆ ಆಯಿಲ್ ಕೂಡ ಕಡಿಮೆ. ಬಿಸಿ ಏರಿ ಪಿಸ್ಟನ್ ಜಾಮ್ ಆದರೆ ಕಾರ್ಬುರೇಟರ್ ಖರ್ಚು ಏನೂ ಅಲ್ಲ ಅನ್ನಿಸುತ್ತದೆ.

ನಾನು ಕಾರವಾರದವನು. ಪಣಜಿಯ ಎದುರು ದಡ ಬೆತಿಂನಲ್ಲಿ ದೋಣಿ ಇಂಜಿನ್ ಕೆಲಸ ಮಾಡಿಕೊಂಡು ಇಪ್ಪತ್ತು ವರ್ಷ ದಾಟಿತು. ಪ್ರತಿ ವರ್ಷ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಇಂಜಿನ್‌ಗಳು ಶೆಡ್ಡು, ಪಡಸಾಲೆ ಸೇರುತ್ತವೆ. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರೆ. ಮರುದಿನದಿಂದ ನನ್ನ ಶೆಡ್ ಮುಂದೆ ಇಂಜಿನ್‌ಗಳ ಸಾಲು. ಅದರಲ್ಲಿ ಹೆಚ್ಚಿನವಕ್ಕೆ ನಿಮ್ಮ ಇಂಜಿನ್‌ಗೆ ಬಂದ ಕಾಯಿಲೆಯೇ. ಆ ಎರಡು ತಿಂಗಳಲ್ಲಿ ಕೆಟ್ಟಿದ್ದು ಕಾರ್ಬುರೇಟರ್ ಅಲ್ಲ, ಅದರೊಳಗೆ ನಿಂತ ಪೆಟ್ರೋಲ್.

ಈ ಪೆಟ್ರೋಲ್ ವಿಷಯ ಸ್ವಲ್ಪ ತಿಳಿದುಕೊಳ್ಳಿ. ಈಗ ಬಂಕ್‌ನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಬಹಳಷ್ಟು ಔಟ್‌ಬೋರ್ಡ್ ಇಂಜಿನ್‌ಗಳ ಕೈಪಿಡಿ ಹೇಳುವುದು ಹೆಚ್ಚೆಂದರೆ ಶೇ 10. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಗೋವಾದ ಜುಲೈ ಹೇಗಿರುತ್ತದೆ ನಿಮಗೇ ಗೊತ್ತು, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟ್‌ಗೂ ಬೂಸ್ಟು ಹಿಡಿಯುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಒಳಗೂ ಅದೇ ಗಾಳಿ. ತೇವ ಒಂದು ಮಿತಿ ದಾಟಿದ ಮೇಲೆ ಎಥೆನಾಲ್ ಮತ್ತು ನೀರು ಜೊತೆಯಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ನೀವು ಬೆರೆಸಿದ ಆಯಿಲ್ ಮಾತ್ರ ಮೇಲಿನ ಪೆಟ್ರೋಲ್ ಜೊತೆ ಉಳಿಯುತ್ತದೆ. ಅಂದರೆ ಇಂಜಿನ್ ಮೊದಲು ಕುಡಿಯುವುದು ಆಯಿಲ್ ಇಲ್ಲದ ನೀರು-ಎಥೆನಾಲನ್ನು. ಟೂ-ಸ್ಟ್ರೋಕ್‌ಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕಾರ್ಬುರೇಟರ್ ಬೌಲ್‌ನಲ್ಲಿ (ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಉಳಿದ ಚೂರು ಪೆಟ್ರೋಲ್‌ನದು ಬೇರೆ ಪಾಡು. ಹಗುರ ಭಾಗ ಹಾರಿಹೋಗಿ ಆಯಿಲ್ ಮತ್ತು ಅಂಟು ಉಳಿಯುತ್ತದೆ. ಸ್ಲೋ ಜೆಟ್‌ನ ತೂತು ಸುಮಾರು ಅರ್ಧ ಮಿಲಿಮೀಟರ್, ಕೆಲವದರಲ್ಲಿ ಅದಕ್ಕಿಂತ ಸಣ್ಣದು. ಅದು ಮುಚ್ಚಲು ಎಷ್ಟು ಅಂಟು ಬೇಕು ಹೇಳಿ?

ಹಾಗಂತ ಪಾನಾ ಹಿಡಿದು ಶುರು ಮಾಡಬೇಡಿ. ಮೊದಲು ಕಾರ್ಬುರೇಟರ್‌ದೇ ತಪ್ಪು ಅಂತ ಖಾತ್ರಿ ಮಾಡಿಕೊಳ್ಳಿ. ಹಳೇ ಪೆಟ್ರೋಲ್ ಸ್ವಲ್ಪ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ರಾತ್ರಿಯಿಡೀ ಮನೆ ಹೊರಗೆ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ವಾರ್ನಿಷ್ ವಾಸನೆ ಬಂದರೆ, ಆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಿರಿ. ಹೊಸದಕ್ಕೆ ಬೆರೆಸಿ ಮುಗಿಸೋಣ ಅನ್ನುವುದು ಬೇಡ. ನದಿಗೂ ಸುರಿಯಬೇಡಿ, ಗ್ಯಾರೇಜಿನವರಿಗೆ ಕೊಡಿ. ಆಮೇಲೆ ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಅದನ್ನು ಮರೆತು ಐದು ನಿಮಿಷ ಓಡಿಸಿ ಇಂಜಿನ್ ನಿಂತಿತು ಅಂತ ಬರುವವರು ವರ್ಷಕ್ಕೆ ಕೆಲವರಾದರೂ ಇದ್ದಾರೆ. ಪೈಪ್ ನಡುವಿನ ರಬ್ಬರ್ ಬಲ್ಬ್ ಒತ್ತಿದರೆ ಗಟ್ಟಿಯಾಗಬೇಕು. ಚಪ್ಪಟೆಯಾಗಿ ಒಳಗೆ ಹೀರಿಕೊಂಡಿದ್ದರೆ ಟ್ಯಾಂಕ್ ಕಡೆ ಎಲ್ಲೋ ಕಟ್ಟಿದೆ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಪೈಪ್‌ನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ, ಅಥವಾ ಕಾರ್ಬುರೇಟರ್‌ನ ಫ್ಲೋಟ್ ನೀಡಲ್, ಅಂದರೆ ಬೌಲ್ ಒಳಗೆ ತೇಲುವ ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ತಡೆಯುವ ಸೂಜಿ, ಮುಚ್ಚುತ್ತಿಲ್ಲ.

ಇನ್ನೊಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಇಂಜಿನ್ ಸಾಯಲು ಶುರುವಾದಾಗ ಒಬ್ಬರು ಬಲ್ಬ್ ಒತ್ತುತ್ತಾ ಇರಲಿ. ಒತ್ತಿದಾಗ ಚೇತರಿಸಿಕೊಂಡರೆ ತಪ್ಪು ಪೆಟ್ರೋಲ್ ಪಂಪ್‌ನದು ಅಥವಾ ಪೈಪ್‌ನದು. ಪಂಪ್‌ನ ಒಳಗಿನ ತೆಳು ಪರದೆ ಗಡುಸಾಗಿರುತ್ತದೆ ಅಥವಾ ಹರಿದಿರುತ್ತದೆ. ಒತ್ತಿದರೂ ಅಷ್ಟೇ ಸಾಯುತ್ತಿದ್ದರೆ ಆಗ ಕಾರ್ಬುರೇಟರ್ ಬಿಚ್ಚಿ. ಪ್ಲಗ್ ಕೂಡ ತೆಗೆದು ನೋಡಿ. ಒದ್ದೆ ಕಪ್ಪಾಗಿದ್ದರೆ ಹೊಸದು ಹಾಕಿ, ಅದು ದೊಡ್ಡ ಖರ್ಚಲ್ಲ.

ಸರಿ, ಈಗ ಬಿಚ್ಚುವ ಕೆಲಸ. ಮನೆ ಒಳಗೆ ಬೇಡ. ಪೆಟ್ರೋಲ್ ಹಬೆ ಗಾಳಿಗಿಂತ ಭಾರ, ನೆಲಕ್ಕೆ ಹರಡಿಕೊಂಡು ಹೋಗುತ್ತದೆ. ಪಕ್ಕದ ಕೋಣೆಯ ಗ್ಯಾಸ್ ಒಲೆವರೆಗೂ ಹೋಗಬಲ್ಲದು. ಅಂಗಳದಲ್ಲಿ, ನೆರಳಲ್ಲಿ, ಇಂಜಿನ್ ತಣ್ಣಗಾದ ಮೇಲೆ ಮಾಡಿ. ಪ್ಲಗ್ ವೈರ್ ಎಳೆದಿಡಿ, ಟ್ಯಾಂಕ್ ದೂರ ಒಯ್ಯಿರಿ. ಸಿಗರೇಟ್ ಸೇದುವ ಗೆಳೆಯರಿದ್ದರೆ ಅವರನ್ನೂ.

ಸಾಮಾನು ಜಾಸ್ತಿ ಬೇಡ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ, ಕಣ್ಣಿಗೆ ಕನ್ನಡಕ, ಅಗಲದ ಬಿಳಿ ಟ್ರೇ, ನಿಮ್ಮ ಮಾಡೆಲ್‌ನ ಗ್ಯಾಸ್ಕೆಟ್ ಕಿಟ್. ಕಿಟ್ ಕೈಗೆ ಬರುವ ಮೊದಲು ಬಿಚ್ಚಬೇಡಿ. ಹಳೇ ಗ್ಯಾಸ್ಕೆಟ್ ಹರಿದರೆ ಮತ್ತೆ ಜೋಡಿಸಲು ಆಗುವುದಿಲ್ಲ, ಇಂಜಿನ್ ವಾರಗಟ್ಟಲೆ ಬಿಚ್ಚಿದ ಹಾಗೇ ಬೀಳುತ್ತದೆ. ಇನ್ನು ಸ್ಕ್ರೂಡ್ರೈವರ್ ಮಾತು. ಯಮಾಹಾ, ಸುಜುಕಿ, ತೊಹಾತ್ಸು ಎಲ್ಲ ಜಪಾನಿನ ಇಂಜಿನ್‌ಗಳು. ಅವುಗಳ ಸ್ಟಾರ್ ಸ್ಕ್ರೂ ಜಪಾನ್ ಅಳತೆಯದು, ಜೆಐಎಸ್ ಅಂತಾರೆ. ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ ನೋಡಿ. ನಮ್ಮ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಜೋರು ಮಾಡಿದರೆ ಜಾರಿ ತಲೆ ಸವೆದುಹೋಗುತ್ತದೆ. ಬೌಲ್‌ನ ನಾಲ್ಕು ಸ್ಕ್ರೂಗಳಲ್ಲಿ ಒಂದು ಹೀಗೆ ಕೆಟ್ಟರೆ ಅರ್ಧ ದಿನ ಹೋಯಿತು ಅಂತ ತಿಳಿಯಿರಿ. ಜೆಐಎಸ್ ಸ್ಕ್ರೂಡ್ರೈವರ್ ಒಂದು ತರಿಸಿಕೊಳ್ಳಿ, ಜೀವಮಾನಕ್ಕೆ ಬರುತ್ತದೆ. ಉಪ್ಪು ಹಿಡಿದು ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ.

ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಚೋಕ್ ಸಲಾಕೆ ಯಾವ ತೂತಿನಲ್ಲಿತ್ತು, ಥ್ರಾಟಲ್ ಸಲಾಕೆ ಯಾವ ಕಡೆ ಬಾಗಿತ್ತು ಅನ್ನುವುದು ಸಂಜೆ ಹೊತ್ತಿಗೆ ನೆನಪಿರುವುದಿಲ್ಲ. ಮುಂದಿನ ಗಾಳಿ ಡಬ್ಬಿ, ಎರಡು ಸಲಾಕೆ, ಪೆಟ್ರೋಲ್ ಪೈಪ್, ಆಮೇಲೆ ಎರಡು ನಟ್ಟು. ಕಾರ್ಬುರೇಟರ್ ಕೈಗೆ ಬರುತ್ತದೆ. ಇಂಜಿನ್ ಕಡೆಯ ಬಾಯಿಗೆ ಸ್ವಚ್ಛ ಬಟ್ಟೆ ಕಟ್ಟಿ. ಅಲ್ಲಿ ಒಂದು ವಾಷರ್ ಬಿದ್ದರೆ ದೊಡ್ಡ ಕೆಲಸ.

ಬೌಲ್ ತೆಗೆಯುವಾಗ ಕಾರ್ಬುರೇಟರನ್ನು ನೆಟ್ಟಗೆ ಹಿಡಿದು ಬಿಳಿ ಟ್ರೇ ಮೇಲೆ ತೆಗೆಯಿರಿ. ಒಳಗಿದ್ದದ್ದನ್ನು ಚೆಲ್ಲಬೇಡಿ, ಮೊದಲು ನೋಡಿ. ಪೆಟ್ರೋಲ್ ಕೆಳಗೆ ನೀರು ಇದ್ದರೆ ಪಾದರಸದ ಹಾಗೆ ಗುಂಡಗೆ ಹನಿ ಕಟ್ಟಿಕೊಂಡು ಓಡಾಡುತ್ತದೆ. ಟ್ರೇ ಓರೆ ಮಾಡಿದರೆ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಬೌಲ್‌ನ ತಳದಲ್ಲಿ ಬಿಳಿ ಪುಡಿ ಇದ್ದರೆ ಅದು ನೀರಿಗೆ ತಿಂದುಹೋದ ಅಲ್ಯುಮಿನಿಯಂ. ಹಿತ್ತಾಳೆಯ ಜೆಟ್ ಸುತ್ತ ಹಸಿರು ಕಂಡರೆ ಉಪ್ಪು ನೀರೂ ಸೇರಿದೆ. ಕಂದು ಬಣ್ಣದ ಜೇನಿನಂಥ ಅಂಟು ಇದ್ದರೆ ಅದು ಒಣಗಿದ ಪೆಟ್ರೋಲ್. ನಿಮ್ಮದರಲ್ಲಿ ಬಹುಶಃ ಈ ಅಂಟೇ ಇರುತ್ತದೆ. ಇಷ್ಟು ನೋಡಿದರೆ ಮುಂದೆ ಟ್ಯಾಂಕ್ ತೊಳೆಯಬೇಕಾ, ಫಿಲ್ಟರ್ ಬದಲಿಸಬೇಕಾ ಅನ್ನುವುದೂ ಗೊತ್ತಾಗುತ್ತದೆ.

ಫ್ಲೋಟ್ ಹಿಡಿದಿರುವ ಸಣ್ಣ ಪಿನ್ ಮೆಲ್ಲಗೆ ತಳ್ಳಿ, ಫ್ಲೋಟ್ ಮತ್ತು ನೀಡಲ್ ಒಟ್ಟಿಗೆ ಬರುತ್ತವೆ. ಫ್ಲೋಟ್ ಕಿವಿ ಹತ್ತಿರ ಅಲುಗಾಡಿಸಿ. ಒಳಗೆ ಗುಳುಗುಳು ಅಂದರೆ ಪೆಟ್ರೋಲ್ ಸೇರಿದೆ, ಬದಲಿಸಬೇಕು. ನೀಡಲ್‌ನ ರಬ್ಬರ್ ತುದಿಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸವರಿ. ಸುತ್ತಲೂ ಗೆರೆ ಬಿದ್ದಿದ್ದರೆ ಅದೂ ಹೊಸದು ಬೇಕು, ಇಲ್ಲದಿದ್ದರೆ ಪೆಟ್ರೋಲ್ ಉಕ್ಕುತ್ತದೆ.

ಆಮೇಲೆ ಮಿಕ್ಸ್ಚರ್ ಸ್ಕ್ರೂ, ಸ್ಪ್ರಿಂಗ್ ಹಾಕಿರುವ ಉದ್ದದ್ದು. ನಿಧಾನ ಓಡುವಾಗ ಗಾಳಿ-ಪೆಟ್ರೋಲ್ ಬೆರಕೆ ಹೊಂದಿಸುವುದು ಇದೇ. ಅದನ್ನು ಸುಮ್ನೆ ತಿರುವಿ ತೆಗೆಯಬೇಡಿ. ಮೊದಲು ಒಳಗೆ ತಿರುವಿ, ಎಷ್ಟು ಸುತ್ತು ತಿರುವಿದಾಗ ಕೂತಿತು ಅಂತ ಎಣಿಸಿ. ಒಂದೂವರೆ, ಒಂದೂ ಮುಕ್ಕಾಲು, ಏನಿದೆಯೋ ಅದನ್ನು ಬರೆದಿಡಿ. ಎರಡು ಬೆರಳಿನ ಬಲ ಸಾಕು. ಜೋರಾಗಿ ಬಿಗಿದರೆ ಸೂಜಿಯಂಥ ತುದಿಯಲ್ಲಿ ಗೆರೆ ಬೀಳುತ್ತದೆ, ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ಕೂರುವುದಿಲ್ಲ.

ಈಗ ಜೆಟ್‌ಗಳು. ಮೇನ್ ಜೆಟ್ ನಡುವೆ ಎದ್ದು ಕಾಣುತ್ತದೆ. ಸ್ಲೋ ಜೆಟ್ ಪಕ್ಕದಲ್ಲಿ ಆಳದ ಗುಂಡಿಯಲ್ಲಿ ಇರುತ್ತದೆ, ಕೆಲವು ಮಾಡೆಲ್‌ಗಳಲ್ಲಿ ರಬ್ಬರ್ ಬಿರಡೆಯ ಕೆಳಗೆ ಅಡಗಿರುತ್ತದೆ. ಮೇನ್ ಜೆಟ್ ಮಾತ್ರ ತೊಳೆದು ಕೆಲಸ ಮುಗಿಯಿತು ಅಂದುಕೊಳ್ಳುವವರು ಬಹಳ. ನಿಮ್ಮ ರೋಗ ಇರುವುದು ಸ್ಲೋ ಜೆಟ್‌ನಲ್ಲಿ, ಹುಡುಕಿ ತೆಗೆಯಿರಿ. ಗುಂಡಿಯ ಅಗಲಕ್ಕೆ ಸರಿಯಾದ ಚಪ್ಪಟೆ ಸ್ಕ್ರೂಡ್ರೈವರ್ ಬೇಕು. ಹಿತ್ತಾಳೆ ಮೆತ್ತಗಿನ ಲೋಹ, ಸಣ್ಣದು ಹಾಕಿದರೆ ಜೆಟ್ ತಲೆಯ ಸೀಳೇ ಕಿತ್ತು ಬರುತ್ತದೆ. ತೆಗೆದು ಆಕಾಶದ ಕಡೆ ಹಿಡಿದು ಒಂದು ಕಣ್ಣಲ್ಲಿ ನೋಡಿ. ಸ್ವಚ್ಛ ಜೆಟ್‌ನಲ್ಲಿ ಪೂರ್ತಿ ದುಂಡಗಿನ ಬೆಳಕಿನ ಚುಕ್ಕೆ ಕಾಣುತ್ತದೆ. ಕಟ್ಟಿದ್ದರೆ ಬರೀ ಕತ್ತಲೆ. ಅರ್ಧ ಕಟ್ಟಿದ್ದರೆ ಚುಕ್ಕೆ ಎಳೆಚಂದ್ರನ ಹಾಗೆ ಒಂದು ಕಡೆ ಕೊರೆದಿರುತ್ತದೆ. ಈ ಅರ್ಧ ಕಟ್ಟಿದ್ದನ್ನು ಗಮನ ಇಟ್ಟು ನೋಡಿ, ಬೆಳಕು ಕಾಣಿಸಿತಲ್ಲ ಅಂತ ಬಿಡಬೇಡಿ.

ಸ್ಪ್ರೇ ಹೊಡೆದು ಒಂದೆರಡು ಗಂಟೆ ನೆನೆಯಲು ಬಿಡಿ. ರಬ್ಬರ್ ರಿಂಗ್, ಪ್ಲಾಸ್ಟಿಕ್ ಫ್ಲೋಟ್ ಅದರಲ್ಲಿ ಮುಳುಗಿಸಬೇಡಿ, ಉಬ್ಬಿಹೋಗುತ್ತವೆ. ನೆನೆದ ಮೇಲೆ ನೈಲಾನ್ ಎಳೆ ಹಾಕಿ ಮೆಲ್ಲಗೆ ಆಡಿಸಿ. ಗಾಳದ ದಾರ ನಿಮ್ಮ ಹತ್ತಿರ ಹೇಗೂ ಇದೆ, ತೆಳುವಾದದ್ದು ನೋಡಿ ತಗೊಳ್ಳಿ. ಅದು ಬಾಗಿದರೆ ಕರೆಂಟ್ ವೈರ್‌ನ ಒಳಗಿನ ಒಂದೇ ಒಂದು ತಾಮ್ರದ ಎಳೆ. ತಾಮ್ರ ಹಿತ್ತಾಳೆಗಿಂತ ಮೆತ್ತಗೆ, ಗೀರುವುದಿಲ್ಲ. ಸ್ಟೀಲ್ ತಂತಿ, ಹೊಲಿಗೆ ಸೂಜಿ, ಪಿನ್ನು ಇವನ್ನು ಹತ್ತಿರಕ್ಕೂ ತರಬೇಡಿ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕಾರವಾರದ ಬೈತಖೋಲದಲ್ಲಿ ಕೆಲಸ ಕಲಿಯುವಾಗ ಒಂದು ಮೇನ್ ಜೆಟ್‌ಗೆ ತಂತಿ ಬ್ರಶ್‌ನ ಎಳೆ ಚುಚ್ಚಿ ತಿರುವಿದೆ. ಕಚರಾ ಹೊರಬಂತು, ಬೆಳಕೂ ಕಂಡಿತು, ಇಂಜಿನ್ನೂ ಓಡಿತು. ನಾಲ್ಕು ದಿನ ಬಿಟ್ಟು ದೋಣಿಯವರು ವಾಪಸ್ ಬಂದರು. ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಹೊಗೆ, ಪ್ಲಗ್ ಮಸಿ. ಉಸ್ತಾದರು ಜೆಟ್ ತೆಗೆದು ಹೊಸದರ ಪಕ್ಕ ಹಿಡಿದು ತೋರಿಸಿದರು. ನನ್ನದು ಕಣ್ಣಿಗೆ ಕಾಣುವಷ್ಟು ಅಗಲವಾಗಿತ್ತು. "ತಮ್ಮಾ, ಅದು ತೂತಲ್ಲ, ಅಳತೆ" ಅಂದರು. ಅವರು ಬೈಯಲಿಲ್ಲ, ತಮ್ಮ ದುಡ್ಡಲ್ಲೇ ಹೊಸ ಜೆಟ್ ಹಾಕಿಕೊಟ್ಟರು. ಅವತ್ತಿನಿಂದ ನನ್ನ ಟೇಬಲ್ ಮೇಲೆ ಸ್ಟೀಲ್ ತಂತಿ ಇಟ್ಟಿಲ್ಲ.

ಜೆಟ್ ಸ್ವಚ್ಛವಾದರೆ ಸಾಲದು. ಅದರ ಹಿಂದೆ ಕಾರ್ಬುರೇಟರ್ ಮೈಯೊಳಗೆ ಕೊರೆದ ದಾರಿಗಳಿವೆ. ಸ್ಪ್ರೇ ಡಬ್ಬಿಯ ಕೆಂಪು ನಳಿಗೆ ಒಂದೊಂದು ತೂತಿಗೂ ಇಟ್ಟು ಹೊಡೆಯಿರಿ. ಮತ್ತೊಂದು ಕಡೆಯಿಂದ ಹೊರಗೆ ಬರಬೇಕು. ಸ್ಲೋ ಜೆಟ್ ಗುಂಡಿಗೆ ಹೊಡೆದರೆ ಥ್ರಾಟಲ್ ತಟ್ಟೆ ಹತ್ತಿರದ ಸಣ್ಣ ತೂತುಗಳಿಂದ ಚಿಮ್ಮಬೇಕು. ಅಲ್ಲಿ ಚಿಮ್ಮುವುದನ್ನು ಕಣ್ಣಾರೆ ನೋಡುವವರೆಗೆ ಕೆಲಸ ಮುಗಿದಿಲ್ಲ. ಕನ್ನಡಕ ಹಾಕಿ ಅಂದದ್ದು ಇದಕ್ಕೇ. ಎಲ್ಲಿಂದ ಹಾರಿ ಕಣ್ಣಿಗೆ ಬೀಳುತ್ತದೆ ಹೇಳಲಾಗದು.

ಮನೆಯಲ್ಲಿ ಕಂಪ್ರೆಸರ್ ಇಲ್ಲದಿದ್ದರೆ ಪಂಕ್ಚರ್ ಅಂಗಡಿಗೆ ಒಯ್ಯಿರಿ. ಮೊದಲು ಅವರ ಗಾಳಿಯನ್ನು ನಿಮ್ಮ ಅಂಗೈಗೆ ಬಿಟ್ಟು ನೋಡಿ, ಮಳೆಗಾಲದಲ್ಲಿ ಆ ಪೈಪ್‌ನಲ್ಲಿ ನೀರು ನಿಂತಿರುತ್ತದೆ. ಅದು ಹೋದ ಮೇಲೆ ಕಾರ್ಬುರೇಟರ್‌ಗೆ ಹಿಡಿಯಿರಿ. ಫ್ಲೋಟ್, ನೀಡಲ್ ಒಳಗಿರುವಾಗ ಗಾಳಿ ಹೊಡೆಯಲೇಬೇಡಿ.

ಜೋಡಿಸುವಾಗ ಒಂದೇ ಒಂದು ಪರೀಕ್ಷೆ ಮರೆಯಬೇಡಿ. ನೀಡಲ್, ಫ್ಲೋಟ್ ಹಾಕಿದ ಮೇಲೆ ಕಾರ್ಬುರೇಟರನ್ನು ತಲೆಕೆಳಗೆ ಹಿಡಿಯಿರಿ. ಸ್ವಚ್ಛ ಪೈಪ್ ತುಂಡೊಂದನ್ನು ಪೆಟ್ರೋಲ್ ಬರುವ ಬಾಯಿಗೆ ಹಾಕಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ನೆಟ್ಟಗೆ ಮಾಡಿದರೆ ಹೋಗಬೇಕು. ಫ್ಲೋಟ್‌ನ ಎತ್ತರಕ್ಕೆ ಕೈಪಿಡಿಯಲ್ಲಿ ಮಿಲಿಮೀಟರ್ ಲೆಕ್ಕ ಕೊಟ್ಟಿರುತ್ತಾರೆ, ಅದನ್ನು ಸ್ಕೇಲ್ ಇಟ್ಟು ನೋಡಿ.

ಗ್ಯಾಸ್ಕೆಟ್ ಜಾಗಕ್ಕೆ ಸಿಲಿಕಾನ್ ಪೇಸ್ಟ್ ಹಚ್ಚಬೇಡಿ. ಹೋದ ವರ್ಷ ಒಂದು ಇಂಜಿನ್ ಬಂತು, ಬೇರೆ ಕಡೆ ಎರಡು ಸಲ ಬಿಚ್ಚಿದ್ದರು. ಬೌಲ್ ಸುತ್ತ ಸಿಲಿಕಾನ್. ಪೆಟ್ರೋಲ್ ತಾಗಿ ಅದು ಉಬ್ಬಿ, ಅಕ್ಕಿ ನುಚ್ಚಿನಂಥ ಚೂರುಗಳಾಗಿ ಮೇನ್ ಜೆಟ್‌ಗೆ ಕೂತಿತ್ತು. ದೋಣಿಯವರು ಮೂರು ವಾರ ದುಡಿಮೆ ಕಳೆದುಕೊಂಡಿದ್ದರು. ಅಷ್ಟು ಸಣ್ಣ ಕಾಗದದ ಗ್ಯಾಸ್ಕೆಟ್ ಉಳಿಸಲು ಹೋಗಿ ಹೀಗಾಯಿತು. ನನಗೆ ಇವತ್ತಿಗೂ ಅದನ್ನು ನೆನೆದರೆ ಬೇಜಾರು.

ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪ ಬಿಗಿಯಿರಿ. ಮಿಕ್ಸ್ಚರ್ ಸ್ಕ್ರೂ ನೀವು ಬರೆದಿಟ್ಟಷ್ಟೇ ಸುತ್ತು ಹೊರಗೆ. ಮೊದಲೇ ಯಾರೋ ಕೆಡಿಸಿದ್ದಾರೆ ಅನ್ನಿಸಿದರೆ ಒಂದೂವರೆ ಸುತ್ತಿನಿಂದ ಶುರು ಮಾಡಿ.

ಹೊಸ ಪೆಟ್ರೋಲ್ ತನ್ನಿ, ಆ ವಾರಕ್ಕೆ ಬೇಕಾದಷ್ಟು ಮಾತ್ರ. ಆಯಿಲ್ ಟಿಸಿ-ಡಬ್ಲ್ಯು3 ಗುರುತಿನದೇ ಆಗಬೇಕು. ಬೈಕ್‌ನ 2ಟಿ ಆಯಿಲ್ ಅಗ್ಗ ಅಂತ ಹಾಕುತ್ತಾರೆ. ಅದು ಗಾಳಿಗೆ ತಣಿಯುವ, ಜಾಸ್ತಿ ಬಿಸಿಯಾಗುವ ಇಂಜಿನ್‌ಗೆ ಮಾಡಿದ್ದು. ನೀರಿನಲ್ಲಿ ತಣಿಯುವ ದೋಣಿ ಇಂಜಿನ್‌ನಲ್ಲಿ ಬೂದಿ ಬಿಟ್ಟು ಪ್ಲಗ್ ಕೆಡಿಸುತ್ತದೆ. ಕೈಪಿಡಿಯಲ್ಲಿ 50ಕ್ಕೆ 1 ಅಂತಿದ್ದರೆ ಲೀಟರ್‌ಗೆ 20 ಮಿಲಿ, 10 ಲೀಟರ್‌ಗೆ 200 ಮಿಲಿ. ಬಾಟಲಿ ಮುಚ್ಚಳದ ಅಂದಾಜು ಬೇಡ, ಅಳತೆ ಕಪ್ ಇಟ್ಟುಕೊಳ್ಳಿ. ಟ್ಯಾಂಕ್ ಮತ್ತು ಇಂಜಿನ್ ನಡುವೆ ನೀರು ಬೇರೆ ಮಾಡುವ ಫಿಲ್ಟರ್ ಒಂದು ಕೂರಿಸಿದರೆ ಇನ್ನೂ ಒಳ್ಳೆಯದು. ಈಗಿನ ಪೆಟ್ರೋಲ್‌ಗೆ ಅದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಮನೆಯಲ್ಲಿ ಸ್ಟಾರ್ಟ್ ಮಾಡಿ ನೋಡಬೇಕು ಅಂದರೆ 200 ಲೀಟರ್ ಡ್ರಮ್‌ನಲ್ಲಿ ನೀರು ತುಂಬಿ, ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆಗಿಂತ ನಾಲ್ಕು ಬೆರಳು ಮೇಲೆ ನೀರಿರಲಿ. ನ್ಯೂಟ್ರಲ್‌ನಲ್ಲೇ ಇಡಿ. ನೀರಿಲ್ಲದೆ ಅರ್ಧ ನಿಮಿಷವೂ ಓಡಿಸಬೇಡಿ, ಕೆಳಗಿನ ನೀರೆಳೆಯುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತಿದೆಯಾ ನೋಡಿ. ಡ್ರಮ್‌ನಲ್ಲಿ ಐಡ್ಲಿಂಗ್ ಸ್ವಲ್ಪ ಏರುಪೇರಾದರೆ ಗಾಬರಿ ಬೇಡ. ತನ್ನ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತಿರುತ್ತದೆ.

ನಿಜವಾದ ಟ್ಯೂನಿಂಗ್ ನದಿಯಲ್ಲೇ ಆಗಬೇಕು. ದೋಣಿಯನ್ನು ಜೆಟ್ಟಿಗೆ ಮುಂದೆ ಹಿಂದೆ ಎರಡೂ ಕಡೆ ಕಟ್ಟಿ. ಹತ್ತು ನಿಮಿಷ ಬಿಸಿ ಮಾಡಿ. ಇಂಜಿನ್ ನಿಲ್ಲಿಸುವ ಕೆಂಪು ದಾರ ಕೈಗೆ ಸಿಕ್ಕಿಸಿಕೊಳ್ಳಿ. ಗೇರ್ ಮುಂದಕ್ಕೆ ಹಾಕಿ ಐಡ್ಲಿಂಗ್‌ನಲ್ಲಿ ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಒಂದು ಕಡೆ ತಿರುವಿ. ಒಂದು ಹಂತದಲ್ಲಿ ಇಂಜಿನ್ ತಡವರಿಸುತ್ತದೆ. ಇನ್ನೊಂದು ಕಡೆ ತಿರುವಿದರೆ ಅಲ್ಲೂ ತಡವರಿಸುತ್ತದೆ. ಎರಡರ ನಡುವೆ ಶಾಂತವಾಗಿ ಓಡುವ ಜಾಗ ಸಿಗುತ್ತದೆ. ಆಮೇಲೆ ಒಮ್ಮೆಲೇ ರೇಸ್ ಕೊಟ್ಟು ನೋಡಿ. ಕೆಮ್ಮಿದ ಹಾಗೆ ಮಾಡಿ ನಿಂತರೆ ಪೆಟ್ರೋಲ್ ಕಡಿಮೆ. ಭಾರವಾಗಿ, ಹೊಗೆ ಬಿಟ್ಟುಕೊಂಡು ಏರಿದರೆ ಜಾಸ್ತಿ. ಕೆಮ್ಮು ಬಂದರೆ ಹೊಗೆ ಬರುವ ಕಡೆಗೆ ಅರ್ಧಪಾವು ಸುತ್ತು, ಅಂದರೆ ಸುತ್ತಿನ ಎಂಟನೇ ಒಂದು ಭಾಗ ತಿರುವಿ. ಟೂ-ಸ್ಟ್ರೋಕ್ ಸ್ವಲ್ಪ ಹೊಗೆಯ ಕಡೆಗೇ ಇರಲಿ, ಪಿಸ್ಟನ್ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಐಡ್ಲಿಂಗ್ ಕೂರದಿದ್ದರೆ ಕಾರ್ಬುರೇಟರ್ ಮತ್ತೆ ಮತ್ತೆ ಬಿಚ್ಚುತ್ತಾ ಕೂರಬೇಡಿ. ರೀಡ್ ವಾಲ್ವ್, ಕ್ರ್ಯಾಂಕ್ ಸೀಲ್, ಕಂಪ್ರೆಶನ್ ನೋಡಬೇಕಾಗುತ್ತದೆ. ಅದಕ್ಕೆ ದೋಣಿ ಇಂಜಿನ್ ಮೆಕ್ಯಾನಿಕ್ ಹತ್ತಿರ ಹೋಗಿ. ನಿಮ್ಮ ಬೈಕ್ ಮೆಕ್ಯಾನಿಕ್ ಒಳ್ಳೆಯವರೇ ಇರಬಹುದು, ಆದರೆ ಉಪ್ಪು ನೀರಿನ ಇಂಜಿನ್ ದಾರಿಯೇ ಬೇರೆ.

ಮುಂದಿನ ಮೇ ತಿಂಗಳಿಗೆ ಈಗಲೇ ಹೇಳಿಬಿಡುತ್ತೇನೆ. ಕೊನೆಯ ದಿನ ಸಿಹಿನೀರಲ್ಲಿ ಹತ್ತು ನಿಮಿಷ ಓಡಿಸಿ. ಪೆಟ್ರೋಲ್ ಪೈಪ್ ಕಿತ್ತು ಐಡ್ಲಿಂಗ್‌ನಲ್ಲಿ ತಾನಾಗಿ ನಿಲ್ಲುವವರೆಗೆ ಬಿಡಿ, ರೇಸ್ ಕೊಡಬೇಡಿ. ಆಗಲೂ ಬೌಲ್‌ನಲ್ಲಿ ಚೂರು ಉಳಿದಿರುತ್ತದೆ. ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ತೆಗೆದು ಅದನ್ನೂ ಇಳಿಸಿ. ಈ ಸ್ಕ್ರೂ ತೆಗೆಯಲು ಒಂದು ನಿಮಿಷ ಸಾಕು, ಅದನ್ನು ಬಿಟ್ಟದ್ದಕ್ಕೇ ಈಗ ಇಷ್ಟೆಲ್ಲ ಕೆಲಸ. ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಹಾಕಿ ಹಗ್ಗ ನಾಲ್ಕೈದು ಸಲ ಮೆಲ್ಲಗೆ ಎಳೆಯಿರಿ, ಪ್ಲಗ್ ಮತ್ತೆ ಹಾಕಿ. ಇಂಜಿನ್ ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಬೇಡಿ. ಟ್ಯಾಂಕ್ ಖಾಲಿ ಮಾಡಿ ಒಣಗಿಸಿ.

ಈ ಭಾನುವಾರ ಮೊದಲ ಸಲ ಹೊರಡುವಾಗ ಭರತದ ಸಮಯ ನೋಡಿಕೊಂಡು ಹೊರಡಿ, ಇಳಿತದಲ್ಲಿ ಬೇಡ. ಜುವಾರಿ ಬಾಯಿ ಹತ್ತಿರ ಇಂಜಿನ್ ನಿಂತರೆ ಭರತದ ನೀರು ನಿಮ್ಮನ್ನು ನದಿ ಒಳಗೆ ತರುತ್ತದೆ, ಇಳಿತದ ನೀರು ಸಮುದ್ರಕ್ಕೆ ಎಳೆದುಕೊಂಡು ಹೋಗುತ್ತದೆ. ಎರಡು ಹುಟ್ಟು, ಉದ್ದ ಹಗ್ಗದ ಲಂಗರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿ. ಅರ್ಧ ಗಂಟೆ ಜೆಟ್ಟಿ ಕಾಣುವಷ್ಟು ದೂರದಲ್ಲೇ ಸುತ್ತಿ. ಐದಾರು ಸಲ ಇಂಜಿನ್ ನಿಲ್ಲಿಸಿ, ಚೋಕ್ ಇಲ್ಲದೆ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಪ್ರತಿ ಸಲ ಮೊದಲ ಎಳೆತಕ್ಕೋ ಎರಡನೆಯದಕ್ಕೋ ಹಿಡಿದರೆ ಆಮೇಲೆ ಗಾಳ ಹಾಕುವ ಜಾಗಕ್ಕೆ ಹೋಗಿ.